ಮುಟ್ಟದೆ ಬಂದ ಗಾಳಿ

ದೋಣಿಗೆ ಹತ್ತಿಸಿದ್ದ ಎಮರ್ಜೆನ್ಸಿ ಸಿಲಿಂಡರುಗಳು ಮತ್ತೆ ಜೆಟ್ಟಿಯ ಮೇಲೆ ಸಾಲಾಗಿ ನಿಂತಿದ್ದನ್ನು ಕಂಡದ್ದೇ ತಡ, ಗಾಳಿಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅಣ್ಣನ ಡೈವಿಂಗ್ ಅಂಗಡಿಯಲ್ಲಿ ಮುಳುಗುವವರ ಉಸಿರಿಗೆ ಬೇಕಾದ ಗಾಳಿ ಬೆರೆಸಿ ತುಂಬುವವಳು ಅವಳಾದ್ದರಿಂದ ಬಂದರಿನವರೆಲ್ಲ ಹಾಗೆ ಕರೆಯುತ್ತಿದ್ದರು.

"ಇವನ್ನ ಇಳಿಸಿದ್ದು ಯಾರು?"

"ನಾನೇ," ಅಂದ ಅಣ್ಣ, ಅವಳ ಮುಖ ನೋಡದೆ, ಹಗ್ಗ ಬಿಗಿಯುತ್ತಾ. ದೋಣಿ ಭಾರ ತಡೆಯುತ್ತಿಲ್ಲ, ಸಾಹೇಬರ ದೀಪದ ಪೆಟ್ಟಿಗೆ ಇನ್ನೂ ಹತ್ತಬೇಕು, ಈ ಸಿಲಿಂಡರುಗಳೋ ಪ್ರತಿ ಸಲ ತುಂಬಿದ ಹಾಗೇ ಹೋಗಿ ತುಂಬಿದ ಹಾಗೇ ವಾಪಸು ಬರುತ್ತವೆ, ಸುಮ್ಮನೆ ಹೊತ್ತು ತಿರುಗುವುದೇಕೆ ಎಂದು ಅವನ ವಾದ. ಸಾಹೇಬರೆಂದರೆ ಮುಳುಗಿದ ಹಡಗುಗಳ ಚಿತ್ರ ತೆಗೆಯುವ ಗಿರಾಕಿ. ಈ ವರ್ಷ ಅಂಗಡಿಗೆ ಸಿಕ್ಕ ದೊಡ್ಡ ಗಿರಾಕಿ ಅವರೊಬ್ಬರೇ. ಅವರೆದುರು ಅಣ್ಣ ಬೆಣ್ಣೆಯಾಗಿಬಿಟ್ಟಿದ್ದ.

ಸಾಹೇಬರ ಜೊತೆ ಅಣ್ಣನೂ ಮುಳುಗಲು ಹೊರಟಿದ್ದು ನರಪಿಳ್ಳೆಯೂ ಇಲ್ಲದ ದ್ವೀಪಕ್ಕೆ. ಅಲ್ಲಿ ಗಾಳಿ ತುಂಬುವ ಯಂತ್ರವಿಲ್ಲ, ಡಾಕ್ಟರಿಲ್ಲ, ಕೂಗಿದರೆ ಓಗೊಡುವವರಿಲ್ಲ. ಆಳದಲ್ಲಿ ಒಬ್ಬನ ಗಾಳಿ ಕೈಕೊಟ್ಟರೆ ಸಟ್ಟನೆ ಮೇಲೆ ಬರುವಂತೆಯೂ ಇಲ್ಲ. ಅಲ್ಲಲ್ಲಿ ನಿಂತು ನಿಧಾನವಾಗಿ ಏರಬೇಕು, ಇಲ್ಲದಿದ್ದರೆ ಮೇಲೆ ಬರುವುದು ಹೆಣ. ಅಷ್ಟು ಹೊತ್ತಿಗೆ ಬೇಕಾದ ಉಸಿರು ಇದ್ದದ್ದು ಜೆಟ್ಟಿಯ ಮೇಲಿನ ಈ ಸಿಲಿಂಡರುಗಳಲ್ಲಿ. ಇದನ್ನೆಲ್ಲ ಅವಳಿಗೆ ಕಲಿಸಿದವನೇ ಅಣ್ಣ. ಅವಳ ಹೊಟ್ಟೆ ಉರಿಸಿದ್ದೂ ಅದೇ.

ಇಷ್ಟು ವರ್ಷದಲ್ಲಿ ತಮಗೆ ಒಂದು ಸಲವೂ ಅದು ಬೇಕಾಗಿಲ್ಲ ತಾಯಿ ಎಂದು ಸಾಹೇಬರು ನಕ್ಕರು. ಗಾಳಿಯಮ್ಮ ಸೀದಾ ದೋಣಿ ಹತ್ತಿದಳು. ಒಳಗೆ ಯಾವ ಬೆರಕೆಯಿದೆ, ಎಷ್ಟು ಆಳದಲ್ಲಿ ಅದನ್ನು ಉಸಿರಾಡಬಹುದು ಎಂದು ತಾನೇ ಬರೆದು, ಮುಳುಗುವಾಗ ಬೆನ್ನಿಗೆ ಕಟ್ಟಿಕೊಳ್ಳಲು ಅಲ್ಲಿಟ್ಟಿದ್ದ ಸಿಲಿಂಡರುಗಳ ಕತ್ತಿಗೆ ಅಂಟಿಸಿದ್ದ ಪಟ್ಟಿಗಳನ್ನು ಒಂದೊಂದಾಗಿ ಚರ್ರನೆ ಕಿತ್ತು, ಉಂಡೆ ಮಾಡಿ ಕಿಸೆಗೆ ತುರುಕಿಕೊಂಡಳು. ಗಾಳಿ ಅಳೆಯುವ ಮೀಟರೂ ಅದೇ ಕಿಸೆ ಸೇರಿತು. ಆಳದ ಬೆರಕೆಯನ್ನು ಮೇಲೆ, ಮೇಲಿನದನ್ನು ಆಳದಲ್ಲಿ ಉಸಿರಾಡಿದರೆ ಪ್ರಾಣಕ್ಕೇ ಸಂಚಕಾರ. ಪಟ್ಟಿಯಿಲ್ಲದ ಸಿಲಿಂಡರಿನ ಗಾಳಿಯನ್ನು ಎಂಥ ಗಟ್ಟಿ ಗುಂಡಿಗೆಯವನೂ ಎಳೆದುಕೊಳ್ಳುವುದಿಲ್ಲ.

"ತಲೆಗಿಲೆ ಕೆಟ್ಟಿದ್ಯೇನೇ ನಿಂಗೆ?" ಅಣ್ಣ ಹಗ್ಗ ಬಿಸಾಡಿದ. "ಇವರು ಎದ್ದು ಹೋದ್ರೆ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ."

"ಹಾಕೋಣ. ನಾಳೆ ಇನ್ನೊಂದು ಅಂಗಡಿ ತೆಗೀಬಹುದು. ಇನ್ನೊಬ್ಬ ಅಣ್ಣನ್ನ ಎಲ್ಲಿಂದ ತರ್ಲಿ?" ಅವಳು ಜೆಟ್ಟಿಯ ಮೇಲಿದ್ದ ದೀಪದ ಪೆಟ್ಟಿಗೆಯತ್ತ ಬೆರಳು ತೋರಿಸಿದಳು. "ಭಾರ ಜಾಸ್ತಿ ಆದ್ರೆ, ಉಸಿರಾಡದೇ ಇರೋದು ಕೆಳಗಿರ್ಲಿ."

ಅಷ್ಟಂದವಳೇ ಜೆಟ್ಟಿಗೆ ಇಳಿದು, ದೀಪದ ಪೆಟ್ಟಿಗೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಳು. ಅದರ ಬೆಲೆ ಗೊತ್ತೇನು, ಊರಲ್ಲಿ ಬೇರೆ ಅಂಗಡಿ ಇಲ್ಲವೇನು ಎಂದು ಸಾಹೇಬರು ಹಾರಾಡಿದರು. ಅವಳು ಜಪ್ಪಯ್ಯ ಅಂದರೂ ಏಳಲಿಲ್ಲ. ಅಣ್ಣ ಸಮುದ್ರವನ್ನು ನೋಡಿದ, ತಂಗಿಯ ಉಬ್ಬಿದ ಕಿಸೆಯನ್ನು ನೋಡಿದ. ಆಮೇಲೆ ಬಗ್ಗಿ ಮೊದಲ ಸಿಲಿಂಡರನ್ನು ಹೆಗಲಿಗೇರಿಸಿಕೊಂಡ. ಗಾಳಿಯಮ್ಮ ಎದ್ದು ಹೋಗಿ, ತಾನೇ ತುಂಬಿದ್ದನ್ನೂ ಮತ್ತೊಮ್ಮೆ ಅಳೆದು, ಎಲ್ಲಕ್ಕೂ ಹೊಸ ಪಟ್ಟಿ ಅಂಟಿಸಿದಳು. ದೀಪದ ಪೆಟ್ಟಿಗೆ ಜೆಟ್ಟಿಯಲ್ಲೇ ಉಳಿಯಿತು, ಸಾಹೇಬರು ಗೊಣಗುತ್ತಲೇ ದೋಣಿ ಹತ್ತಿದರು.

ದೋಣಿ ವಾಪಸು ಬಂದಾಗ ಎಮರ್ಜೆನ್ಸಿ ಸಿಲಿಂಡರುಗಳನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಸಾಹೇಬರ ಸಿಟ್ಟೂ ಇಳಿದಿರಲಿಲ್ಲ.

"ನೋಡಮ್ಮಾ, ನಿನ್ನ ಗಾಳಿ ಹೋದ ಹಾಗೇ ವಾಪಸು ಬಂದಿದೆ," ಎಂದು ಚುಚ್ಚಿದರು.

ಗಾಳಿಯಮ್ಮ ಅಣ್ಣನನ್ನು ಕಣ್ತುಂಬ ನೋಡಿದಳು. ಆಮೇಲೆ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವೂ ಹೋದ ಹಾಗೇ ವಾಪಸು ಬಂದಿದ್ದೀರಲ್ಲ, ಸಾರ್."