ಒಂದೇ ಕ್ಲಿಕ್ಕಿಗೆ ಬೆಂಕಿ, ನೀರು

ರಾಯಚೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವಿಶಾಖಾ ಮೌಸ್ ಒತ್ತಿದಳು. ಪರದೆಯಲ್ಲಿ ಬಾಯ್ಲರಿನ ಬೆಂಕಿಯ ಮೇಲೆ, ಅದನ್ನು ತೆಗೆಯಬೇಕೆಂಬ ಕೆಂಪು ಗೆರೆ ಬಿತ್ತು. ಅದೇ ಕ್ಷಣಕ್ಕೆ ನೀರಿನ ಧಾರೆಯೂ ಮೂಡಿತು. ಮತ್ತೆ ಒತ್ತಿದರೂ ಅದೇ. ಮಾನ್ವಿಯ ಅಕ್ಕಿ ಗಿರಣಿಯ ಕೆಲಸಗಾರರಿಗೆ ಅವಳು ಮಾಡಿಕೊಟ್ಟ ಪಾಠವದು. ಬಾಯ್ಲರಿನಲ್ಲಿ ನೀರು ಬತ್ತಿದರೆ ಮೊದಲು ಬೆಂಕಿ ತೆಗೆಯಬೇಕು, ಪೂರ್ತಿ ತಣಿಯಲು ಬಿಡಬೇಕು, ಆಮೇಲಷ್ಟೇ ನೀರು. ಕಾದ ಕಬ್ಬಿಣಕ್ಕೆ ತಣ್ಣೀರು ತಗುಲಿದರೆ ಬಾಯ್ಲರ್ ಸಿಡಿಯುತ್ತದೆ.

ಅನಿಮೇಷನ್ ಪಟ್ಟಿ ತೆರೆದಳು. ಬೆಂಕಿಗೊಂದು, ನೀರಿಗೊಂದು ಎಂದು ಎರಡು ಸಾಲಿರಬೇಕಾದಲ್ಲಿ ಒಂದೇ ಇತ್ತು. ಸ್ಲೈಡಿನ ಮೂಲೆಯಲ್ಲಿ ತಮ್ಮ ತಂದೆಯ ಫೋಟೊ ಬೇಕೆಂದು ಗಿರಣಿ ಮಾಲೀಕ ಗಡಿಗೆಪ್ಪನವರು ಹಟ ಹಿಡಿದಾಗ, ಜಾಗ ಮಾಡಲು ಚಿತ್ರದ ಭಾಗಗಳನ್ನೆಲ್ಲ ಒಂದಾಗಿ ಗ್ರೂಪ್ ಮಾಡಿ ಸರಿಸಿದ್ದಳು. ಆಗಲೇ ಬಿಡಿ ಭಾಗಗಳ ಅನಿಮೇಷನ್ ಅಳಿಸಿಹೋಗಿತ್ತು. ಅವಸರದಲ್ಲಿ ಇಡೀ ಗ್ರೂಪಿಗೆ ಒಂದನ್ನೇ ಹಾಕಿ, ಪರೀಕ್ಷಿಸದೆ ಕಳಿಸಿಬಿಟ್ಟಿದ್ದಳು.

ಕೂಡಲೇ ಗಡಿಗೆಪ್ಪನವರಿಗೆ ಫೋನ್ ಮಾಡಿದಳು. "ಸಾಹುಕಾರ್ರೀ, ಆ ಸ್ಲೈಡ್ ಯಾರಿಗೂ ತೋರಿಸಬ್ಯಾಡ್ರಿ. ಅದರಾಗ ತಪ್ಪದ."

"ತಪ್ಪೆಲ್ಲಿ ಬಂತ್ರೀ ಮೇಡಂ? ನಿನ್ನೆನ ಎಲ್ಲಾರಿಗೂ ತೋರಿಸೀನಿ. ನಮ್ಮಪ್ಪ ಭಾಳ ಚಂದ ಕಾಣ್ತಾನ," ಗಡಿಗೆಪ್ಪ ನಕ್ಕರು. "ಈಗ ನೋಡ್ರಿ, ಖರೇನ ಬಾಯ್ಲರಿನ್ಯಾಗ ನೀರು ಖಾಲಿ ಆಗ್ಯಾದ. ನೀವು ಕಲಿಸಿದಂಗ ನಮ್ಮ ಆಳು ಅಂಬರೀಶ ಬೆಂಕಿ ಹೊರಗ ಎಳ್ಯಾಕತ್ತಾನ."

ವಿಶಾಖಾ ಬಾಯಿ ತೆರೆಯುವಷ್ಟರಲ್ಲಿ ಅವರು ಫೋನಿನಿಂದ ಮುಖ ತಿರುಗಿಸಿ ಕೂಗಿದ್ದು ಕೇಳಿಸಿತು:

"ಲೇ ಅಂಬರೀಶ, ಬೆಂಕಿ ತಗದ್ಯಲ್ಲ, ಇನ್ನ್ಯಾಕ ನಿಂತಿ? ನೀರು ಬಿಡಲೇ!"