ಮೆಟ್ಟಿಲ ಆನೆ

ಮೆಟ್ಟಿಲ ಮೇಲೆ ಇಡಲು ಎತ್ತಿದ ಕಾಲನ್ನು ಕೊಟ್ರಯ್ಯ ಹಾಗೆಯೇ ಹಿಂದಕ್ಕೆ ತೆಗೆದುಕೊಂಡ. ಬಗ್ಗಿ ನೋಡಿದ. ಮೆಟ್ಟಿಲ ಪಕ್ಕಕ್ಕೆ ಒಂದು ಕಲ್ಲಿನ ಆನೆ, ಸೊಂಡಿಲು ಇಳಿಬಿಟ್ಟುಕೊಂಡು ನಿಂತಿತ್ತು. ಇದೂ ಗುಡಿ ಕಲ್ಲೇ ಎಂದು ಕಡ್ಡಿರಾಂಪುರದ ಬೀದಿಯಲ್ಲೇ ನಿಂತುಬಿಟ್ಟ. ಬೆಳಗಿನಿಂದ ನೋಡಿದ ಮೂರನೆಯ ಮನೆ ಅದು. ಮೊದಲನೆಯದರ ಪಡಸಾಲೆಯ ಕಂಬದಲ್ಲಿ ಕೆತ್ತಿದ ಹಂಸ ಸಿಕ್ಕಿತ್ತು. ಎರಡನೆಯದರ ದನದ ಕೊಟ್ಟಿಗೆಯ ಗೋಡೆಯಲ್ಲಿ ಯಾವಳೋ ಕುಣಿಯುವವಳ ಒಂದು ಕಾಲು. ಅವೆರಡನ್ನೂ ಬೇಡವೆಂದು ಬಂದಿದ್ದ.

ಮನೆ ತೋರಿಸುತ್ತಿದ್ದ ಜಂಬಯ್ಯನಿಗೆ ಸಾಕಾಗಿತ್ತು.

"ಯಜಮಾನ್ರ, ಹಾಳುಬಿದ್ದ ಗುಡಿಗಳ ಹಾಳೂರು ಪಕ್ಕದಾಗ ಐತಿ. ಅಲ್ಲಿ ಬಿಳಿ ದೊರೆಗಳ ಕಾವಲು ಬೀಳೂಕಿಂತ ಮುಂಚೆ ನಮ್ಮ ತಾತಗಳು ಬಂಡಿಗಟ್ಟಲೆ ಕಲ್ಲು ತಂದು ಈ ಊರು ಕಟ್ಯಾರ. ಗುಡಿ ಕಲ್ಲು ಇಲ್ಲದ್ದ ಬೇಕಂದ್ರ ಆ ಕುರಿಹಟ್ಟಿ ಒಂದ ಐತಿ ನೋಡ್ರಿ."

"ನಗಬ್ಯಾಡ. ಗುಡಿ ಕಲ್ಲು ಇದ್ದ ಮನ್ಯಾಗ ಕೂಸು ಉಳಿಯಂಗಿಲ್ಲ ಅಂತ ನಮ್ಮಪ್ಪ ಸಾಯೂತನಕ ಹೇಳ್ಯಾನ."

ಆ ಮಾತಿಗೆ ಸರಿಯಾಗಿ ಎದುರುಮನೆಯಿಂದ ಐದಾರು ಹುಡುಗರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೊರಬಿದ್ದರು. ಆ ಮನೆಯ ಬಾಗಿಲ ಚೌಕಟ್ಟಿನ ತುಂಬ ಕೆತ್ತನೆ. ಜಂಬಯ್ಯ ಹುಡುಗರನ್ನೂ ಚೌಕಟ್ಟನ್ನೂ ಕೊಟ್ರಯ್ಯನನ್ನೂ ಒಂದೊಂದು ಸಲ ನೋಡಿದ.

ಅಷ್ಟರಲ್ಲಿ ಕೊಟ್ರಯ್ಯನ ಹೆಂಡತಿ ಮರುಳಸಿದ್ದಮ್ಮ ಆನೆಯ ತಲೆಗೆ ಕೈಯೂರಿ ಒಳಗೆ ಹೋಗಿ ಮನೆ ನೋಡಿಯೇ ಮುಗಿಸಿದ್ದಳು. ಒಲೆಯ ಹೊಗೆ ಯಾವ ಕಡೆ ಹೋಗುತ್ತದೆಂದು ಗೋಡೆಯ ಮಸಿ ನೋಡಿದಳು. ಬಚ್ಚಲಿಗೆ ಒಂದು ಚೊಂಬು ನೀರು ಸುರಿದು, ಅದು ಹರಿದು ಹೋಗುವ ತನಕ ಕಾದಳು. ಪಕ್ಕದ ಸಣ್ಣ ಕೋಣೆಯಲ್ಲಿ ಸೆರಗಿನ ತುದಿ ಹಿಡಿದು ನಿಂತಳು. ಸೆರಗು ಅಲುಗಲಿಲ್ಲ. ಬಾಣಂತಿಗೆ ಹೇಳಿ ಮಾಡಿಸಿದ ಕೋಣೆ. ಮಗಳು ಎರ್ರಮ್ಮನನ್ನು ಚೊಚ್ಚಲ ಹೆರಿಗೆಗೆ ಕಂಪ್ಲಿಯಿಂದ ಕರೆತರಬೇಕಿತ್ತು. ಹೊಸಪೇಟೆಯಲ್ಲಿ ಅವರು ಬಾಡಿಗೆಗಿದ್ದ ಮನೆಯ ಮಾಲೀಕ ತೋಟಪ್ಪ, ಹಿಂದೆ ಅಲ್ಲಿ ಒಬ್ಬ ಬಾಣಂತಿ ತೀರಿಕೊಂಡಾಗಿನಿಂದ, ತನ್ನ ಸೂರಿನ ಕೆಳಗೆ ಹೆರಿಗೆ ಕೂಡದೆಂದು ಹಟ ಹಿಡಿದಿದ್ದ. ಮಗಳನ್ನು ತವರಿಗೆ ಕರೆಯದಿದ್ದರೆ ಬೀಗರ ಬಾಯಿ ಮುಚ್ಚಿಸುವವರು ಯಾರು? ಅದಕ್ಕೇ, ತಲೆ ನರೆತ ಮೇಲೆ, ಬಾಳೆಹಣ್ಣಿನ ವ್ಯಾಪಾರದ ಕೊಟ್ರಯ್ಯ ಮೊದಲ ಸಲ ಸ್ವಂತ ಮನೆ ಹುಡುಕಲು ಹೊರಟದ್ದು.

ಕೋಣೆಯ ಸಂಗತಿ ಹೇಳಿದರೂ ಅವನು ಕೇಳಲಿಲ್ಲ. ಬಂದ ದಾರಿಯಲ್ಲೇ ಹೊಸಪೇಟೆಗೆ ತಿರುಗಿದರು.

ಮರುದಿನ ಬೆಳಿಗ್ಗೆ ಕೊಟ್ರಯ್ಯ ಬಚ್ಚಲ ಕಲ್ಲಿನ ಮೇಲೆ ಕುಳಿತು, ತಲೆಗೆ ಸೀಗೆಪುಡಿ ಮೆತ್ತಿಕೊಂಡು, ಸಂಡೂರು ಸಂಸ್ಥಾನದ ಬಂಡ್ರಿಯಲ್ಲಿ ಮನೆ ನೋಡುವ ಮಾತಾಡುತ್ತಿದ್ದ. ಅಲ್ಲಿ ಗುಡಿಗಳು ಹಾಳಾಗಿಲ್ಲ, ಕಲ್ಲು ಶುದ್ಧ ಎಂದ. ಮರುಳಸಿದ್ದಮ್ಮ ಹಿತ್ತಲಿನಿಂದ ಹಾರೆ ತಂದು, ಏಳ್ರಿ ಎಂದಳು. ಅವನು ಎದ್ದ. ಅವಳು ಕಲ್ಲಿನ ಅಂಚಿಗೆ ಹಾರೆ ಕೊಟ್ಟು ಮೀಟಿ ಮಗುಚಿದಳು. ಕೆಳಮೈಯಲ್ಲಿ ಬಸವಣ್ಣ ಮಲಗಿದ್ದ. ಕೊರಳ ಗಂಟೆ, ಕೋಡು, ಕಿವಿ ಒಂದೂ ಸವೆದಿರಲಿಲ್ಲ.

ಕೊಟ್ರಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ನಿನಗ ಯಾವಾಗ ಗೊತ್ತಾತು?"

"ಈ ಮನಿಗೆ ಬಂದ ವರ್ಷನ. ಪಾಚಿ ತಿಕ್ಕಾಕ ಕಲ್ಲು ಎಬ್ಬಿಸಿದ್ದೆ."

"ಮತ್ತ ಹೇಳಲಿಲ್ಲ?"

"ಹೇಳಿದ್ರ ನೀವು ಮೈ ತೊಳಕೊಳ್ಳೂದ ಬಿಡ್ತಿದ್ರಿ. ಇದರ ಮ್ಯಾಲ ಎರೆದು ಬೆಳೆಸಿದ ಮಗಳು ಈಗ ತುಂಬಿದ ಬಸುರಿ. ಯಾವ ಕೂಸು ಉಳಿದಿಲ್ಲ, ಹೇಳ್ರಿ ನೋಡೂಣು."

ಸುದ್ದಿ ತೋಟಪ್ಪನ ಕಿವಿಗೆ ಬಿತ್ತು. ಬಚ್ಚಲ ಮಾಳಿಗೆ ಸೋರುತ್ತದೆ, ಬಂದು ನೋಡು ಎಂದು ಪ್ರತಿ ಮಳೆಗಾಲ ಕರೆದರೂ ಬಾರದವನು ಈಗ ಓಡಿ ಬಂದು ಬಾಗಿಲಲ್ಲೇ ಕೆರವು ಬಿಟ್ಟ. ಕಾಯಿ ಒಡೆದ, ವಿಭೂತಿ ಬಳಿದ, ತನ್ನ ಮನೆಯಲ್ಲಿ ಬಸವಣ್ಣ ಒಡಮೂಡಿದ್ದಾನೆಂದು ಬೀದಿಗೆಲ್ಲ ಸಾರಿದ. ಇನ್ನು ಇಲ್ಲಿ ಯಾರೂ ಸಂಸಾರ ಮಾಡುವಂತಿಲ್ಲ, ಸಂಜೆಯೊಳಗೆ ಮನೆ ಬಿಡಬೇಕು ಎಂದ. ಕೊಟ್ರಯ್ಯ ಕೈಕಟ್ಟಿ ನಿಂತಿದ್ದ. ತಲೆಯ ಮೇಲೆ ಸೀಗೆಪುಡಿ ಒಣಗಿ ಬಿರಿದಿತ್ತು; ತೊಳೆದುಕೊಳ್ಳೋಣವೆಂದರೆ ಬಚ್ಚಲು ಗುಡಿಯಾಗಿ ಹೋಗಿತ್ತು.

ಸಾಮಾನು ಹೊರಗೆ ಬರುವ ಹೊತ್ತಿಗೆ ಜಂಬಯ್ಯ ಬಂಡಿ ತಂದು ನಿಲ್ಲಿಸಿದ್ದ. ಯಾರು ಹೇಳಿ ಕಳಿಸಿದರೆಂದು ಕೊಟ್ರಯ್ಯ ಕೇಳಲಿಲ್ಲ, ಬಂಡಿ ಯಾವ ಮನೆಗೆ ಎಂದೂ ಕೇಳಲಿಲ್ಲ.

ಎರ್ರಮ್ಮ ಗಾಳಿ ಬಡಿಯದ ಆ ಕೋಣೆಯಲ್ಲೇ ಹೆತ್ತಳು. ಗಂಡು. ಊರಿಗೆಲ್ಲ ಕೇಳುವ ಹಾಗೆ ಅಳುವ ಕೂಸು. ಕೊಟ್ರಯ್ಯ ಮಾತ್ರ ಮನೆಗೆ ಬಂದ ದಿನವೇ ಆನೆಗೆ ಸಗಣಿ, ಮಣ್ಣು ಕಲಸಿ ಮೆತ್ತಿದ್ದ. ಕೇಳಿದವರಿಗೆ ತಮ್ಮದು ಬರೀ ಕಾಡುಗಲ್ಲಿನ ಮನೆ ಎನ್ನುತ್ತಿದ್ದ. ಹತ್ತುವವರು ಇಳಿಯುವವರು ಕೈಯೂರಿ ಮಣ್ಣು ಉದುರುತ್ತಿತ್ತು. ಅವನು ಮತ್ತೆ ಮೆತ್ತುತ್ತಿದ್ದ.

ಒಂದು ಬೆಳಿಗ್ಗೆ ಅವನು ಹೊಸದಾಗಿ ಕಲಸಿದ ಮಣ್ಣು ಹಿಡಿದು ಹೊರಗೆ ಬಂದಾಗ, ಅಂಬೆಗಾಲಿಟ್ಟು ಮೆಟ್ಟಿಲ ತನಕ ಹೋಗಿದ್ದ ಮೊಮ್ಮಗ, ಹುಟ್ಟಿದ ಮೇಲೆ ಮೊದಲ ಸಲ, ಎರಡು ಕಾಲ ಮೇಲೆ ಎದ್ದು ನಿಂತಿದ್ದ. ಎರಡೂ ಕೈಯಲ್ಲಿ ಗಟ್ಟಿಯಾಗಿ ಸೊಂಡಿಲು ಹಿಡಿದುಕೊಂಡು.