ಕೊನೆಗೆ ಬರುವವನು

“ಲೇ ಯಶೋದ್ರೀ, ನಿಂತ್ಕಳ್ಳೇ!” ಎಂದು ಬೆನ್ನ ಹಿಂದೆ ಕೂಗು ಕೇಳಿದಾಗ ಯಶೋಧರಾ ಸ್ಕಾಟ್ಲೆಂಡಿನ ಪಾರ್ಕೊಂದರಲ್ಲಿ ಶನಿವಾರದ ಓಟದ ಕೊನೆಯ ತಿರುವಿನಲ್ಲಿದ್ದಳು. ಅವಳ ಹಿಂದೆ ಇದ್ದವನು ಕಿತ್ತಳೆ ಅಂಗಿಯ ಮುದುಕ ಡೇವಿಡ್ ಒಬ್ಬನೇ. ಓಡುವವರಲ್ಲಿ ಯಾರಿಗೂ ಕೊನೆಯವರೆಂಬ ಅವಮಾನವಾಗದಿರಲೆಂದು, ಎಲ್ಲರ ಹಿಂದೆ ಬರುವುದಕ್ಕೇ ಊರಿನವರು ಅವನನ್ನು ನೇಮಿಸಿದ್ದರು. ಪಾಪ, ಅವನಿಗೆ ಇವಳ ಹೆಸರು ಹೇಳಲೂ ಬಾರದು.

ಕೂಗು ಅವಳ ಹುಟ್ಟೂರು ಗೌಡಗೆರೆಯದು, ಅಜ್ಜಿ ಚಿಕ್ಕಹನುಮಕ್ಕನದು. ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಪರೀಕ್ಷೆಯಿದೆಯೆಂದು ಇವಳು ಹೋಗಿರಲಿಲ್ಲ. “ಬೆನ್ನಿಂದೆ ಯಾರಾನ ಕೂಗುದ್ರೆ ಮೊದ್ಲೆಲ್ಡು ಕೂಗ್ಗೆ ಓ ಅನ್ಬ್ಯಾಡ ಕಣವ್ವ. ಸತ್ತೋರಾದ್ರೆ ಕರ್ಕೊಂಡೋಗ್ಬುಡ್ತಾರೆ. ಅವ್ರಿಗೆ ಮೂರ್ನೇ ಸಲ ಅದೇ ಹೆಸ್ರು ಕೂಗಕ್ಕಾಗಲ್ಲ” ಎಂದು ಚಿಕ್ಕಂದಿನಲ್ಲಿ ಕಲಿಸಿದವಳೂ ಅಜ್ಜಿಯೇ.

“ಯಶೋದ್ರೀ! ಮಣ್ಣಾಕಕ್ಕೂ ಬರ್ಲಿಲ್ವಲ್ಲೇ!” ಎರಡನೆಯ ಕೂಗು ಎಲೆಅಡಿಕೆಯ ವಾಸನೆಯ ಸಮೇತ ಕಿವಿಯ ಪಕ್ಕಕ್ಕೇ ಬಂತು. ಓ ಎಂದರೆ ತನ್ನ ಪ್ರಾಣ ಹೋಗುತ್ತದೆ, ಅನ್ನದಿದ್ದರೆ ಅಜ್ಜಿ ಇನ್ನೊಂದು ಸಲ ಹೋಗುತ್ತಾಳೆ. ಯಶೋಧರಾ ನಾಲಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಓಡಿದಳು. ಬಾಯಿ ರಕ್ತದಿಂದ ಉಪ್ಪಾಯಿತು.

ಅಜ್ಜಿ ಸಂತೆಗೆ ಹೋದರೂ ಬರಿಗೈಲಿ ವಾಪಸಾದವಳಲ್ಲ. ಮೂರನೆಯ ಕೂಗು ಬಂತು, ಹೆಸರು ಮಾತ್ರ ಬೇರೆ: “ಡೇವಿಡ್ಡೂ!”

“ಯೆಸ್, ಡಿಯರ್?” ಎಂದಿತು ಮುದುಕನ ದನಿ, ಅಲ್ಲಿಯ ಮರ್ಯಾದೆಯಂತೆ ಮೊದಲನೆಯ ಕೂಗಿಗೇ.

ಆವತ್ತು ಗೆರೆ ದಾಟಿದವರಲ್ಲಿ ಕೊನೆಯವಳು ಯಶೋಧರಾ.